ಒಂದೂವರೆ ಮಿಲಿಲೀಟರಿನ ಲೆಕ್ಕ

(ಎಳೆಯ ಮಕ್ಕಳ ರಕ್ತಹೀನತೆ ಮತ್ತು ಕಬ್ಬಿಣದ ಔಷಧ ಕುರಿತ ದತ್ತಿ ಉಪನ್ಯಾಸದ ಮುದ್ರಿತ ರೂಪ)

ಮೊದಲ ಮಹಾಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಲಂಡನ್ನಿನ ಪೂರ್ವದ ಬಡಕೇರಿಗಳ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಹ್ಯಾಕ್ನಿ ರಸ್ತೆಯ ಕ್ವೀನ್ಸ್ ಮಕ್ಕಳ ಆಸ್ಪತ್ರೆಗೆ ಬರುತ್ತಿದ್ದರು. ಅಲ್ಲಿ ಹೆಲೆನ್ ಮ್ಯಾಕೆ ಎಂಬ ವೈದ್ಯೆ ಇದ್ದರು. ಯುದ್ಧದಿಂದ ಸೊರಗಿದ್ದ ವಿಯೆನ್ನಾದಲ್ಲಿ ಮಕ್ಕಳ ರಿಕೆಟ್ಸ್ ಕುರಿತ ಸಂಶೋಧನೆಗೆ ಕೈಜೋಡಿಸಿ ಬಂದಿದ್ದವರು. ಆರು ತಿಂಗಳಾದ ಮೇಲೆ ಕೂಸಿನ ರಕ್ತ ತೆಳುವಾಗುವುದು ಬೆಳವಣಿಗೆಯ ಒಂದು ಹಂತ, ತಾನಾಗಿ ಸರಿಹೋಗುತ್ತದೆ ಎಂಬ ನಂಬಿಕೆ ಆಗ ವೈದ್ಯರಲ್ಲೇ ಇತ್ತು. ಕೇರಿಯ ಕೂಸುಗಳೆಲ್ಲ ಬಿಳಿಚಿಕೊಂಡಿದ್ದರೆ ಯಾವ ತಾಯಿಗೆ ತಾನೇ ತನ್ನ ಕೂಸು ಬಿಳಿಚಿಕೊಂಡಿದೆ ಎನ್ನಿಸೀತು? ಮ್ಯಾಕೆ ಮಕ್ಕಳ ರಕ್ತವನ್ನು ಮತ್ತೆ ಮತ್ತೆ ಅಳೆದರು. ಕೆಲವಕ್ಕೆ ಕಬ್ಬಿಣದ ಲವಣ ಕೊಟ್ಟರು, ಕೆಲವಕ್ಕೆ ಕೊಡಲಿಲ್ಲ. ಕೊಟ್ಟ ಮಕ್ಕಳ ಹಿಮೋಗ್ಲೋಬಿನ್ ಏರಿತು, ಕಾಯಿಲೆ ಬೀಳುವುದೂ ತಗ್ಗಿತು. 1931ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಅವರ ವರದಿಯನ್ನು ಪ್ರಕಟಿಸಿತು. ಮೂರು ವರ್ಷ ಕಳೆದು ಅವರು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್‌ನ ಮೊದಲ ಮಹಿಳಾ ಫೆಲೋ ಆದರು.

ಆ ವರದಿ ಬಂದು ಶತಮಾನ ತುಂಬುತ್ತ ಬಂತು. ಮದ್ದು ಅದೇ, ಬೆಲೆಯೂ ಅಗ್ಗ. ಹೀಗಿದ್ದೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಭಾರತದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆ ಇದೆಯೆಂದು ಲೆಕ್ಕ ಕೊಟ್ಟಿತು. ಕರ್ನಾಟಕದ ಅಂಕಿ 65.5. ಹಿಂದಿನ ಸಮೀಕ್ಷೆಗಿಂತ ಎರಡೂ ಹೆಚ್ಚು. ನಮ್ಮ ದೇಶ ಪೌಷ್ಟಿಕ ರಕ್ತಹೀನತೆ ತಡೆಯುವ ಕಾರ್ಯಕ್ರಮ ಶುರುಮಾಡಿದ್ದು 1970ರಲ್ಲಿ. 2013ರಲ್ಲಿ ಅದಕ್ಕೆ ಹೊಸ ರೂಪ ಬಂತು. 2018ರಲ್ಲಿ ‘ಅನೀಮಿಯಾ ಮುಕ್ತ ಭಾರತ’ ಎಂಬ ಹೆಸರು ಬಂತು. ಹೆಸರು ಬದಲಾದಷ್ಟು ಸಲೀಸಾಗಿ ಮಕ್ಕಳ ರಕ್ತ ಬದಲಾಗಲಿಲ್ಲ. ಎಲ್ಲಿ ಎಡವುತ್ತಿದೆ ಎಂಬ ಪ್ರಶ್ನೆಗೆ ಉತ್ತರವನ್ನು ದೆಹಲಿಯ ಕಡತಗಳಿಗಿಂತ ಹೆಚ್ಚಾಗಿ ಬಾಟಲಿಗೂ ಮಗುವಿನ ಬಾಯಿಗೂ ನಡುವಿನ ಗೇಣುದ್ದದ ಜಾಗದಲ್ಲಿ ಹುಡುಕಬೇಕು ಎಂಬುದು ಈ ಉಪನ್ಯಾಸದ ವಾದ.

ಮೊದಲು ಮಗುವಿನ ದೇಹದ ಕಡೆ ನೋಡೋಣ. ದಿನ ತುಂಬಿ ಹುಟ್ಟಿದ ಕೂಸು ತಾಯಿಯಿಂದ ಪಡೆದ ಕಬ್ಬಿಣವನ್ನು ಹೊತ್ತು ಬರುತ್ತದೆ. ಆ ದಾಸ್ತಾನು ನಾಲ್ಕರಿಂದ ಆರು ತಿಂಗಳಿಗೆ ಸಾಕು. ಎದೆಹಾಲಿನಲ್ಲಿ ಕಬ್ಬಿಣ ಅತ್ಯಲ್ಪ, ಆದರೆ ಇರುವಷ್ಟು ಚೆನ್ನಾಗಿ ಒಗ್ಗುತ್ತದೆ. ಅವಧಿಗೆ ಮುನ್ನ ಹುಟ್ಟಿದರೆ, ತೂಕ ಕಡಿಮೆಯಿದ್ದರೆ ದಾಸ್ತಾನೂ ಕಡಿಮೆ. ತಾಯಿಗೇ ರಕ್ತ ಕಮ್ಮಿಯಿದ್ದರೂ ಕೂಸಿನ ಪಾಲು ಕುಗ್ಗುತ್ತದೆ. ಹೊಕ್ಕುಳಬಳ್ಳಿಯನ್ನು ಹೆರಿಗೆಯಾದ ಕೂಡಲೇ ಕತ್ತರಿಸದೆ ಒಂದರಿಂದ ಮೂರು ನಿಮಿಷ ಕಾದರೆ ಮಾಸಿನ ರಕ್ತ ಇನ್ನಷ್ಟು ಕೂಸಿಗೆ ಹರಿಯುತ್ತದೆ, ಬಿಡಿಗಾಸಿನ ಖರ್ಚೂ ಇಲ್ಲ. ವರ್ಷ ತುಂಬುವ ಹೊತ್ತಿಗೆ ಮಗುವಿನ ತೂಕ ಮೂರು ಪಟ್ಟಾಗಿರುತ್ತದೆ. ತೂಕಕ್ಕೆ ತಕ್ಕ ರಕ್ತ ಬೇಕು, ರಕ್ತಕ್ಕೆ ತಕ್ಕ ಕಬ್ಬಿಣ ಬೇಕು. ಸರಿಯಾಗಿ ಆ ಹೊತ್ತಿನಲ್ಲೇ ನಮ್ಮ ಮನೆಗಳಲ್ಲಿ ಮಗುವಿಗೆ ಸಿಗುವುದು ಹಾಲನ್ನ, ನೀರುಸಾರು, ಬಿಸ್ಕತ್ತು ಅದ್ದಿದ ಚಹಾ. ಹಸುವಿನ ಹಾಲಿನಲ್ಲಿ ಲೀಟರಿಗೆ ಅರ್ಧ ಮಿಲಿಗ್ರಾಂ ಕಬ್ಬಿಣವೂ ಕಷ್ಟ; ಅದರ ಮೇಲೆ ಅದು ಬೇರೆ ಊಟದ ಕಬ್ಬಿಣಕ್ಕೂ ಅಡ್ಡ ಬರುತ್ತದೆ. ಮಗು ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಕುಡಿದು ಊಟ ಬಿಟ್ಟಿದ್ದರೆ ತಾಯಿ ಹಿಗ್ಗುವ ಬದಲು ಅನುಮಾನಿಸಬೇಕು.

ಬಳಪ ತಿನ್ನುವ, ಗೋಡೆಯ ಸುಣ್ಣ ಕೆರೆಯುವ, ಕಣ್ಣು ತಪ್ಪಿಸಿ ಮಣ್ಣು ಬಾಯಿಗೆ ಹಾಕಿಕೊಳ್ಳುವ ಮಗುವನ್ನು ನಮ್ಮಲ್ಲಿ ಬೈಯುತ್ತಾರೆ, ಕೈಗೆ ಏಟು ಕೊಡುತ್ತಾರೆ. ಹಲವು ಸಲ ಆ ಚಪಲದ ಹಿಂದೆ ಇರುವುದು ಕಬ್ಬಿಣದ ಕೊರತೆಯೇ. ಮದ್ದು ಶುರುವಾಗಿ ಕೆಲವು ವಾರಗಳಲ್ಲಿ ಬಳಪದ ಹುಚ್ಚು ತಾನಾಗಿ ಬಿಟ್ಟುಹೋಗುವುದನ್ನು ಮಕ್ಕಳ ವೈದ್ಯರು ಕಂಡಿದ್ದಾರೆ.

ಇನ್ನು ಊಟದ ಮಾತು. ‘ರಕ್ತ ಕಮ್ಮಿ ಇದೆಯಾ? ರಾಗಿ ಸರಿ ಮಾಡಿಕೊಡಿ, ಬೀಟ್‌ರೂಟ್ ತಿನ್ನಿಸಿ, ದಾಳಿಂಬೆ ರಸ ಕುಡಿಸಿ’ ಎಂಬ ಸಲಹೆ ಮನೆಮನೆಯಲ್ಲೂ ಸಿಗುತ್ತದೆ. ಬೀಟ್‌ರೂಟ್, ದಾಳಿಂಬೆಗಳಿಗೆ ಈ ಕೀರ್ತಿ ಬಂದಿರುವುದು ಬಣ್ಣದಿಂದ. ಅವುಗಳಲ್ಲಿ ಹೇಳಿಕೊಳ್ಳುವಷ್ಟು ಕಬ್ಬಿಣವಿಲ್ಲ. ರಾಗಿಯ ವಿಷಯ ಅಷ್ಟು ಹಗುರಾಗಿ ತಳ್ಳುವಂಥದ್ದಲ್ಲ, ಲೆಕ್ಕ ಹಾಕಿಯೇ ನೋಡಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 4.6 ಮಿಲಿಗ್ರಾಂ ಕಬ್ಬಿಣವಿದೆ. ಒಂದು ಬಟ್ಟಲು ಸರಿಗೆ ಮೂವತ್ತು ಗ್ರಾಂ ಹಿಟ್ಟು ಹಿಡಿದರೆ 1.4 ಮಿಲಿಗ್ರಾಂ ಆಯಿತು. ರಾಗಿಯಲ್ಲಿರುವ ಫೈಟೇಟ್ ಮತ್ತು ಟ್ಯಾನಿನ್‌ಗಳು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವುದರಿಂದ ಅದರಲ್ಲಿ ನೂರಕ್ಕೆ ಐದು ಪಾಲು ಒಗ್ಗಿದರೂ ಪುಣ್ಯ. ಅಂದರೆ ಬಟ್ಟಲೊಂದಕ್ಕೆ ಮೈಗೆ ಹತ್ತುವುದು 0.07 ಮಿಲಿಗ್ರಾಂ.

ಈಗ ಸಾಲದ ಕಡೆಯ ಲೆಕ್ಕ. ಹತ್ತು ಕಿಲೋ ತೂಕದ ಮಗುವಿನ ಮೈಯಲ್ಲಿ ಮುಕ್ಕಾಲು ಲೀಟರ್ ರಕ್ತ. ಹಿಮೋಗ್ಲೋಬಿನ್ ನೂರು ಮಿಲಿಲೀಟರ್ ರಕ್ತಕ್ಕೆ 8 ಗ್ರಾಂ ಇದ್ದದ್ದು 12ಕ್ಕೆ ಏರಬೇಕಾದರೆ ಒಟ್ಟು ಮೂವತ್ತು ಗ್ರಾಂ ಹೊಸ ಹಿಮೋಗ್ಲೋಬಿನ್ ತಯಾರಾಗಬೇಕು, ಗ್ರಾಮಿಗೆ 3.4 ಮಿಲಿಗ್ರಾಂನಂತೆ ಸುಮಾರು ನೂರು ಮಿಲಿಗ್ರಾಂ ಕಬ್ಬಿಣ ಮೈಸೇರಬೇಕು. ಸರಿಯ ಬಟ್ಟಲಿನಲ್ಲಿ ಅಳೆದರೆ ಹದಿನಾಲ್ಕು ನೂರಕ್ಕೂ ಹೆಚ್ಚು ಬಟ್ಟಲು! ಅಷ್ಟರಲ್ಲಿ ಮಗು ಬೆಳೆಯುತ್ತ ದಿನದಿನದ ಖರ್ಚನ್ನೂ ಕೇಳುತ್ತಿರುತ್ತದೆ. ಊಟ ರಕ್ತಹೀನತೆಯನ್ನು ತಡೆಯಬಲ್ಲದು, ಗುಣವಾದದ್ದು ಮರುಕಳಿಸದಂತೆ ಕಾಯಬಲ್ಲದು. ಒಮ್ಮೆ ಕುಸಿದ ರಕ್ತವನ್ನು ಎರಡು ಮೂರು ತಿಂಗಳಲ್ಲಿ ಮೇಲೆತ್ತುವ ಕೆಲಸ ಅದರ ಕೈಲಾಗದು. ಅದಕ್ಕೆ ಔಷಧವೇ ಬೇಕು.

ಹಾಗೆಂದು ಅಡುಗೆಮನೆಯ ಜಾಣತನ ಸಣ್ಣದೇನಲ್ಲ. ರಾಗಿಯನ್ನು ನೆನೆಹಾಕಿ ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ, ವಸ್ತ್ರಗಾಳಿತ ಮಾಡುವ ಹಳೇ ಮೈಸೂರು ಸೀಮೆಯ ಪದ್ಧತಿಯಲ್ಲಿ ಫೈಟೇಟ್ ಇಳಿಯುತ್ತದೆ. ಅಜ್ಜಿಯರಿಗೆ ಆ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಬಸ್ಸಾರಿಗೆ ನಿಂಬೆಹುಳಿ ಹಿಂಡಿದರೆ, ಊಟದ ಜತೆ ಸೀಬೆಹಣ್ಣಿನ ಹೋಳೋ ನೆಲ್ಲಿಕಾಯಿಯೋ ಇದ್ದರೆ ಅದರ ಸಿ ಜೀವಸತ್ವ ಸೊಪ್ಪಿನ ಕಬ್ಬಿಣವನ್ನು ಒಗ್ಗಿಸುತ್ತದೆ. ಮಾಂಸ ತಿನ್ನುವ ಮನೆಯಲ್ಲಿ ಎರಡು ಚೂರು ಕೋಳಿಯ ಈಲಿಯನ್ನು ಮೆದುವಾಗಿ ಬೇಯಿಸಿ ಅನ್ನಕ್ಕೆ ಕಿವುಚಿ ಕೊಟ್ಟರೆ ಅದಕ್ಕೆ ಸಾಟಿ ಇಲ್ಲ.

ಸರ್ಕಾರ ಕೊಡುವ ಸಿರಪ್ಪಿನ ಬಾಟಲಿಯನ್ನು ಈಗ ಕೈಗೆತ್ತಿಕೊಳ್ಳಬಹುದು. ಐವತ್ತು ಮಿಲಿಲೀಟರಿನದು, ಒಂದು ಮಿಲಿಲೀಟರಿನಲ್ಲಿ 20 ಮಿಲಿಗ್ರಾಂ ಕಬ್ಬಿಣ, 100 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಆರು ತಿಂಗಳಿಂದ ಐದು ವರ್ಷದವರೆಗಿನ ಎಲ್ಲ ಮಕ್ಕಳಿಗೂ ವಾರಕ್ಕೆ ಎರಡು ಸಲ, ಸಲಕ್ಕೆ ಒಂದು ಮಿಲಿಲೀಟರ್. ಬಾಟಲಿಯ ಮುಚ್ಚಳದಲ್ಲೇ ಅಳತೆಯ ಡಿಸ್ಪೆನ್ಸರ್. ಹೀಗೆ ಕೊಟ್ಟರೆ ಒಂದು ಬಾಟಲಿ ಇಪ್ಪತ್ತೈದು ವಾರ, ಹತ್ತಿರ ಹತ್ತಿರ ಆರು ತಿಂಗಳು ಬರುತ್ತದೆ. ಆದರೆ ಇದು ಕೊರತೆ ಬಾರದಂತೆ ತಡೆಯುವ ಪ್ರಮಾಣ. ರಕ್ತಹೀನತೆ ಆಗಲೇ ಬಂದಿದ್ದರೆ ಲೆಕ್ಕವೇ ಬೇರೆ. ಹಿಮೋಗ್ಲೋಬಿನ್ 7ರಿಂದ 10.9 ಗ್ರಾಂ ಒಳಗಿರುವ ಮಗುವಿಗೆ ತೂಕದ ಕಿಲೋ ಒಂದಕ್ಕೆ 3 ಮಿಲಿಗ್ರಾಂ, ಪ್ರತಿದಿನ, ಎರಡು ತಿಂಗಳು ಎಂದು ಕಾರ್ಯಕ್ರಮದ ಮಾರ್ಗಸೂಚಿಯೇ ಹೇಳುತ್ತದೆ. ಹತ್ತು ಕಿಲೋ ಮಗುವಿಗೆ ಮೂವತ್ತು ಮಿಲಿಗ್ರಾಂ, ಅಂದರೆ ದಿನಕ್ಕೆ ಒಂದೂವರೆ ಮಿಲಿಲೀಟರ್. ವಾರಕ್ಕೆ ಹತ್ತೂವರೆ, ತಡೆಯುವ ಪ್ರಮಾಣಕ್ಕಿಂತ ಐದು ಪಟ್ಟು ಹೆಚ್ಚು. ಅದೇ ಬಾಟಲಿ ಮೂವತ್ತಮೂರು ದಿನಕ್ಕೆ ಖಾಲಿ, ಎರಡು ತಿಂಗಳಿಗೆ ಎರಡು ಬಾಟಲಿ ಬೇಕು. ಪರೀಕ್ಷೆಯಲ್ಲಿ 8 ಗ್ರಾಂ ಬಂದ ಮಗುವಿನ ಮನೆಗೂ 11.5 ಬಂದ ಮಗುವಿನ ಮನೆಗೂ ಒಂದೊಂದೇ ಬಾಟಲಿ ಹೋಗಿ, ‘ಬುಧವಾರ ಶನಿವಾರ ಹಾಕಿ’ ಎಂಬ ಒಂದೇ ಮಾತು ಹೋದರೆ ಮೊದಲನೆಯ ಮಗುವಿಗೆ ಔಷಧ ಕೊಟ್ಟ ಹೆಸರಾಯಿತೇ ಹೊರತು ಚಿಕಿತ್ಸೆಯಾಗಲಿಲ್ಲ. 7 ಗ್ರಾಮಿಗಿಂತ ಕೆಳಗಿದ್ದರೆ ಬಾಟಲಿಯ ಮಾತೇ ಇಲ್ಲ, ದೊಡ್ಡಾಸ್ಪತ್ರೆಗೆ ಕಳಿಸಬೇಕು.

ಖಾಸಗಿ ಔಷಧ ಅಂಗಡಿಯಲ್ಲಿ ತೊಡಕು ಇನ್ನೊಂದು ಬಗೆಯದು. ಅಲ್ಲಿ ಡಬ್ಬಿಯ ಮೇಲೆ ಕೆಂಪು ಹಣ್ಣುಗಳ ಚಿತ್ರ, ಜತೆಗೆ ಸತು, ಬಿ12, ಲೈಸೀನ್ ಎಂದು ಉದ್ದನೆಯ ಪಟ್ಟಿ. ತಾಯ್ತಂದೆಯರು ನೋಡಬೇಕಾದದ್ದು ಒಂದೇ ಸಾಲು: ಎಲಿಮೆಂಟಲ್ ಐರನ್ ಎಷ್ಟು, ಅದು ಒಂದು ಮಿಲಿಲೀಟರಿನಲ್ಲೋ ಐದು ಮಿಲಿಲೀಟರಿನಲ್ಲೋ. ಫೆರಸ್ ಸಲ್ಫೇಟ್ ಲವಣದಲ್ಲಿ ಕಬ್ಬಿಣ ಐದನೇ ಒಂದು ಪಾಲು, ಫ್ಯೂಮರೇಟ್‌ನಲ್ಲಿ ಮೂರನೇ ಒಂದು, ಗ್ಲೂಕೋನೇಟ್‌ನಲ್ಲಿ ಎಂಟನೇ ಒಂದೂ ಪೂರ್ತಿ ಇಲ್ಲ. ಲವಣದ ತೂಕವನ್ನೇ ಕಬ್ಬಿಣದ ತೂಕ ಎಂದುಕೊಂಡರೆ ಮಗುವಿಗೆ ಬೇಕಾದದ್ದರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಹೋಗುವುದಿಲ್ಲ. ‘ರುಚಿ ಚೆನ್ನ, ಹೊಟ್ಟೆ ಕೆಡಿಸುವುದಿಲ್ಲ’ ಎಂದು ಹೆಚ್ಚು ಬೆಲೆಗೆ ಬರುವ ಸಂಕೀರ್ಣ ರೂಪದ ಕಬ್ಬಿಣಗಳ ಬಗ್ಗೆಯೂ ಒಂದು ಸಂಗತಿ ಗೊತ್ತಿರಲಿ. ಅಮೆರಿಕದ ಡಲ್ಲಾಸ್‌ನಲ್ಲಿ ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಎಂಬತ್ತು ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಫೆರಸ್ ಸಲ್ಫೇಟ್, ಇನ್ನೊಂದಕ್ಕೆ ಪಾಲಿಸ್ಯಾಕರೈಡ್ ಸಂಕೀರ್ಣವನ್ನು ಅದೇ 3 ಮಿಲಿಗ್ರಾಂ ಲೆಕ್ಕದಲ್ಲಿ ದಿನಕ್ಕೊಮ್ಮೆ ಹನ್ನೆರಡು ವಾರ ಕೊಟ್ಟು ನೋಡಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಗೆದ್ದದ್ದು ಹಳೆಯ, ಅಗ್ಗದ, ನಾಲಿಗೆಗೆ ಒಗರಾದ ಸಲ್ಫೇಟೇ. ಪ್ರಯೋಗ ಚಿಕ್ಕದು, ಸರಿ. ಆದರೂ ದುಬಾರಿ ಟಾನಿಕ್ ಕೊಳ್ಳಲಾಗಲಿಲ್ಲವೆಂದು ಕೊರಗುವ ತಾಯಿಗೆ ಅಷ್ಟು ಸಮಾಧಾನ ಸಾಕು.

ಕುಡಿಸುವ ಕ್ರಮದಲ್ಲೂ ನಾಜೂಕಿದೆ. ಹಾಲು, ಚಹಾದ ಜತೆ ಬೇಡ. ಊಟವಾಗಿ ಒಂದು ಗಂಟೆ ಬಿಟ್ಟರೆ ಒಳ್ಳೆಯದು, ಮಗು ವಾಂತಿ ಮಾಡುವುದಾದರೆ ಊಟದ ಹಿಂದೆಯೇ ಕೊಡಬಹುದು. ಸಿರಪ್ಪನ್ನು ನಾಲಿಗೆಯ ಹಿಂಭಾಗಕ್ಕೆ ಬಿಟ್ಟು ಮೇಲೆ ಎರಡು ಗುಟುಕು ನೀರು ಕುಡಿಸಿದರೆ ಹಲ್ಲಿಗೆ ಕಪ್ಪು ಹತ್ತುವುದು ತಪ್ಪುತ್ತದೆ; ಹತ್ತಿದರೂ ಅದು ಶಾಶ್ವತವಲ್ಲ. ಮಲ ಕಪ್ಪಾಗುತ್ತದೆ. ಇದನ್ನು ಮೊದಲೇ ಹೇಳದೆ ಬಾಟಲಿ ಕೈಗಿತ್ತರೆ ಮೂರನೇ ದಿನ ತಾಯಿ ಗಾಬರಿಯಾಗಿ ಅದನ್ನು ಮೂಲೆಗಿಡುತ್ತಾಳೆ, ಅವಳ ತಪ್ಪೇನೂ ಇಲ್ಲ. ಜ್ವರ ಜೋರಾಗಿದ್ದಾಗ, ಮಗು ತೀವ್ರ ಅಪೌಷ್ಟಿಕತೆಯಿಂದ ಚಿಕಿತ್ಸೆ ಪಡೆಯುತ್ತಿರುವಾಗ ಕಬ್ಬಿಣವನ್ನು ತಡೆಹಿಡಿಯಬೇಕು.

ಮೈಯೊಳಗೆ ನಡೆಯುವುದು ಮಾತ್ರ ಚೆಂದದ ಕಥೆ. ಮೊದಲ ದಿನವೇ ಜೀವಕೋಶಗಳ ಒಳಗಿನ ಕಿಣ್ವಗಳಿಗೆ ಕಬ್ಬಿಣ ಸಿಗುತ್ತದೆ. ಸಿಡಿಮಿಡಿಗುಟ್ಟುತ್ತಿದ್ದ ಮಗು ಸ್ವಲ್ಪ ಶಾಂತವಾಗಿ, ಹಸಿವೆಂದು ಕೇಳತೊಡಗುತ್ತದೆ. ಎರಡನೇ ದಿನಕ್ಕೆ ಎಲುಬಿನ ಮಜ್ಜೆ ಕೆಲಸಕ್ಕಿಳಿಯುತ್ತದೆ. ವಾರದೊಳಗೆ ಎಳೆಯ ಕೆಂಪು ಕಣಗಳು ರಕ್ತದಲ್ಲಿ ತುಂಬುತ್ತವೆ. ತಿಂಗಳಿಗೆ ಹಿಮೋಗ್ಲೋಬಿನ್ ಕನಿಷ್ಠ ಒಂದು ಗ್ರಾಂ ಏರಿರಬೇಕು. ಅಂಕಿ ಸರಿಯಾಯಿತೆಂದು ಬಹುಪಾಲು ಮನೆಗಳಲ್ಲಿ ಔಷಧ ನಿಲ್ಲುವುದು ಇಲ್ಲಿಯೇ. ಆದರೆ ಬಂದ ಕಬ್ಬಿಣವೆಲ್ಲ ಅಲ್ಲಿಯವರೆಗೆ ರಕ್ತಕ್ಕೇ ಖರ್ಚಾಗಿರುತ್ತದೆ, ಉಗ್ರಾಣ ಇನ್ನೂ ಬರಿದು. ಅದನ್ನು ತುಂಬಲು ಇನ್ನೆರಡು ಮೂರು ತಿಂಗಳು ಮುಂದುವರಿಸಿ ಎಂದು ಮಕ್ಕಳ ವೈದ್ಯರು ಹೇಳುವುದು ಅದಕ್ಕೇ. ಫೆಬ್ರವರಿ 10, ಆಗಸ್ಟ್ 10ರ ಜಂತುಹುಳು ನಿವಾರಣಾ ದಿನಗಳಲ್ಲಿ ಅಂಗನವಾಡಿಯಲ್ಲಿ ಕೊಡುವ ಅಲ್ಬೆಂಡಜೋಲ್ ಕೂಡ ಈ ಚಿಕಿತ್ಸೆಯ ಭಾಗವೇ: ಒಂದರಿಂದ ಎರಡು ವರ್ಷದೊಳಗಿನವರಿಗೆ ಅರ್ಧ ಮಾತ್ರೆ, ಮೇಲಿನವರಿಗೆ ಪೂರ್ತಿ. ಕೊಕ್ಕೆಹುಳು ಕರುಳಲ್ಲಿ ರಕ್ತ ಹೀರುತ್ತಿದ್ದರೆ ಮೇಲಿನಿಂದ ಎಷ್ಟು ಸುರಿದರೂ ಸೋರಿಹೋಗುತ್ತದೆ.

ಕಬ್ಬಿಣ ಕೊಟ್ಟರೆ ಮಕ್ಕಳು ಜಾಣರಾಗುತ್ತಾರೆ ಎಂದು ಭಿತ್ತಿಪತ್ರಗಳಲ್ಲಿ ಬರೆಯುವ ರೂಢಿಯಿದೆ. ಇಲ್ಲಿ ಸ್ವಲ್ಪ ಎಚ್ಚರ ಬೇಕು. ಕೋಸ್ಟರಿಕಾದಲ್ಲಿ ಬೆಟ್ಸಿ ಲೋಜಾಫ್ ಎಂಬ ವೈದ್ಯೆ 1980ರ ದಶಕದಲ್ಲಿ ಕೂಸುಗಳಾಗಿದ್ದವರನ್ನು ಯೌವನದವರೆಗೂ ಹಿಂಬಾಲಿಸಿದರು. ಎಳವೆಯಲ್ಲಿ ದೀರ್ಘಕಾಲ ತೀವ್ರ ಕೊರತೆ ಅನುಭವಿಸಿದವರು ರಕ್ತ ಸರಿಹೋದ ಎಷ್ಟೋ ವರ್ಷಗಳ ಮೇಲೂ ಕಲಿಕೆಯಲ್ಲಿ ಹಿಂದಿದ್ದರು. ಹಾಗಾದರೆ ಎಲ್ಲರಿಗೂ ಮೊದಲೇ ಕೊಟ್ಟುಬಿಟ್ಟರೆ? ಬಾಂಗ್ಲಾದೇಶದ ರೂಪಗಂಜ್‌ನಲ್ಲಿ ಎಂಟು ತಿಂಗಳ 3,300 ಕೂಸುಗಳ ಮೇಲೆ ಸಿರಪ್, ಊಟಕ್ಕೆ ಉದುರಿಸುವ ಪೋಷಕಾಂಶದ ಪುಡಿ ಮತ್ತು ಹುಸಿಮದ್ದುಗಳನ್ನು ಹೋಲಿಸಿದ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಮೂರು ತಿಂಗಳ ಮದ್ದಿನಿಂದ ರಕ್ತಹೀನತೆ ಚೆನ್ನಾಗಿ ಇಳಿಯಿತು. ಬುದ್ಧಿಯ ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದಕ್ಕೂ ಮುಂಚೆ ಜಾಂಜಿಬಾರಿನ ಪೆಂಬಾ ದ್ವೀಪದಲ್ಲಿ ಇನ್ನೂ ಕಹಿಯಾದ ಪಾಠ ಸಿಕ್ಕಿತ್ತು. ಮಲೇರಿಯಾ ತುಂಬಿದ ಆ ನೆಲದಲ್ಲಿ ಪರೀಕ್ಷೆಯಿಲ್ಲದೆ ಎಲ್ಲ ಮಕ್ಕಳಿಗೂ ದಿನವೂ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಕೊಟ್ಟಾಗ ಆಸ್ಪತ್ರೆ ಸೇರುವುದು ಅಥವಾ ಸಾಯುವುದು ನೂರಕ್ಕೆ ಹನ್ನೆರಡರಷ್ಟು ಹೆಚ್ಚಿತು. ಆ ಗುಂಪುಗಳ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಸುನಿಲ್ ಸಜಾವಲ್ ಮತ್ತು ಸಂಗಡಿಗರ ಈ ವರದಿ 2006ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಅದೇ ದ್ವೀಪದಲ್ಲಿ ನಿಜವಾಗಿ ಕೊರತೆಯಿದ್ದ ಮಕ್ಕಳಿಗೆ ಮದ್ದಿನಿಂದ ಲಾಭವೇ ಆಗಿತ್ತು. ಕೊರತೆ ಇರುವ ಮಗುವನ್ನು ಹುಡುಕಿ ಪೂರ್ತಿ ಪ್ರಮಾಣದಲ್ಲಿ, ಪೂರ್ತಿ ಅವಧಿ ಕೊಡುವುದಕ್ಕೂ ಎಲ್ಲರ ಬಾಯಿಗೂ ಒಂದೇ ಸಮನೆ ಸುರಿಯುವುದಕ್ಕೂ ಇರುವ ಅಂತರ ಅಷ್ಟು ದೊಡ್ಡದು.

ಹುಡುಕುವ ವಿಷಯದಲ್ಲೂ ಜಗಳವಿದೆ, ಅದರ ಒಂದು ತುದಿ ಬೆಂಗಳೂರಿನಲ್ಲಿದೆ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಬೆರಳು ಚುಚ್ಚಿ ತೆಗೆದ ಹನಿಯನ್ನು ಅಳೆದಿತ್ತು. ಆ ಹನಿಯಲ್ಲಿ ಅಂಗಾಂಶದ ದ್ರವ ಸೇರಿದರೆ ಅಂಕಿ ಕೆಳಗಿಳಿಯುತ್ತದೆ. 2016-18ರ ಸಮಗ್ರ ರಾಷ್ಟ್ರೀಯ ಪೌಷ್ಟಿಕತಾ ಸಮೀಕ್ಷೆ ರಕ್ತನಾಳದಿಂದ ರಕ್ತ ತೆಗೆದಾಗ ಒಂದರಿಂದ ನಾಲ್ಕು ವರ್ಷದವರಲ್ಲಿ ರಕ್ತಹೀನತೆ ನೂರಕ್ಕೆ 41 ಮಾತ್ರ, ಕಬ್ಬಿಣದ ಕೊರತೆ 32. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನೂರ ಕುರ್ಪಾಡ್ ಮತ್ತು ಸಂಗಡಿಗರು ರಕ್ತಹೀನತೆ ಎನ್ನಲು ಎಳೆದ 11 ಗ್ರಾಮಿನ ಗೆರೆಯೇ ಭಾರತದ ಮಕ್ಕಳಿಗೆ ಹೆಚ್ಚಾಯಿತು ಎಂದು 2021ರಲ್ಲಿ ವಾದಿಸಿದರು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಎರಡು ವರ್ಷದೊಳಗಿನವರಿಗೆ ಗೆರೆಯನ್ನು 10.5ಕ್ಕೆ ಇಳಿಸಿತು. ಕೂಸಿನ ರಕ್ತ ಎಷ್ಟಿದ್ದರೆ ಸಹಜ ಎಂಬ, ಮ್ಯಾಕೆ ಎದುರಿಸಿದ ಪ್ರಶ್ನೆಯೇ ಇದು, ದಿಕ್ಕು ಮಾತ್ರ ತಿರುಗಿದೆ. ಗೆರೆ ಎಲ್ಲಿ ಎಳೆದರೂ 8, 9 ಗ್ರಾಮಿನ ಮಕ್ಕಳು ಅದರ ಕೆಳಗೇ ಇರುತ್ತಾರೆ ಎಂಬುದನ್ನು ಎರಡೂ ಕಡೆಯವರು ಮರೆಯಬಾರದು. ಕರ್ನಾಟಕದ ಎರಡು ಜಿಲ್ಲೆಗಳ ಹಳ್ಳಿಗಳಲ್ಲಿ ಒಂದರಿಂದ ಎರಡು ವರ್ಷದ 401 ಮಕ್ಕಳನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಾಲ್ವರಲ್ಲಿ ಮೂವರಿಗೆ ರಕ್ತಹೀನತೆ ಇತ್ತು. ಮಗುವಿನ ಅಂಕಿಯ ಜತೆ ನೇರವಾಗಿ ತಳಕು ಹಾಕಿಕೊಂಡಿದ್ದವು ತಾಯಿಯ ಹಿಮೋಗ್ಲೋಬಿನ್, ಮನೆಯ ಬಡತನ, ಊಟದ ಅಭದ್ರತೆ.

ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಡಾ. ಅರುಣ್ ಶೆಟ್ ಮತ್ತು ತಂಡ ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗ ಈ ಮಾತಿಗೆಲ್ಲ ತಿರುಳು ಒದಗಿಸುತ್ತದೆ. ಕಬ್ಬಿಣದ ಮದ್ದು ಎರಡೂ ಗುಂಪಿನ ಹಳ್ಳಿಗಳಿಗೂ ಸಿಕ್ಕಿತು. ಒಂದು ಗುಂಪಿನಲ್ಲಿ ಮಾತ್ರ ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತೆಯರು ಮನೆಗೆ ಹೋಗಿ ಕೂತು, ರಕ್ತಹೀನತೆ ಎಂದರೇನು, ಮದ್ದು ಏಕೆ ಬಿಡಬಾರದು, ಊಟ ಹೇಗಿರಬೇಕು ಎಂದು ತಾಯಂದಿರೊಡನೆ ಮಾತನಾಡಿದರು. ಗುಣವಾದ ಮಕ್ಕಳು ಆ ಹಳ್ಳಿಗಳಲ್ಲಿ ಹೆಚ್ಚು. ಹೊಸ ಅಣು, ಹೊಸ ಯಂತ್ರ ಏನೂ ಇರಲಿಲ್ಲ. ಗೌರವಧನಕ್ಕೆ ದುಡಿಯುವ ಆಶಾ ಕಾರ್ಯಕರ್ತೆಯ ಕೈಚೀಲಕ್ಕೆ ಇನ್ನೊಂದು ರಿಜಿಸ್ಟರು ತುರುಕುವ ಬದಲು ಹೀಗೆ ಕೂತು ಮಾತಾಡಲು ಅವಳಿಗೆ ಬಿಡುವು ಮಾಡಿಕೊಟ್ಟರೆ ಏನಾದೀತೆಂದು ಯಾರಾದರೂ ಲೆಕ್ಕ ಹಾಕಬೇಕು.

ಬಾಟಲಿ ಮನೆಯಲ್ಲಿ ಎಲ್ಲಿರುತ್ತದೆ ಎಂಬುದೂ ಮುಖ್ಯ. ಬಸುರಿಗೆ ಕೊಡುವ ಕೆಂಪು ಮಾತ್ರೆ ಮಗುವಿನ ಕಣ್ಣಿಗೆ ಪೆಪ್ಪರ್‌ಮಿಂಟ್. ಒಂದೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ. ಮಗುವಿನ ಕಿಲೋ ತೂಕಕ್ಕೆ 20 ಮಿಲಿಗ್ರಾಂ ದಾಟಿದರೆ ವಾಂತಿ ಭೇದಿ ಶುರು, 60 ದಾಟಿದರೆ ಪ್ರಾಣಕ್ಕೆ ಸಂಚಕಾರ. ಹತ್ತು ಕಿಲೋ ಮಗುವಿಗೆ ಹತ್ತು ಮಾತ್ರೆ ಅಷ್ಟಾಯಿತು. ಅಮೆರಿಕದಲ್ಲಿ ಹೀಗೆ ಮಕ್ಕಳು ಸತ್ತ ಮೇಲೆಯೇ 1997ರಲ್ಲಿ ಹೆಚ್ಚು ಶಕ್ತಿಯ ಕಬ್ಬಿಣದ ಮಾತ್ರೆಗಳನ್ನು ಬಿಡಿಬಿಡಿಯಾಗಿ ಕಟ್ಟಿ ಮಾರಬೇಕೆಂಬ ನಿಯಮ ಬಂದದ್ದು. ಕಪಾಟಿನ ಮೇಲಿನ ಅರೆಯೇ ಬಾಟಲಿಗೂ ಮಾತ್ರೆಗೂ ತಕ್ಕ ಜಾಗ.

ಪ್ರಮಾಣ ಸರಿಯಿದ್ದು, ತಪ್ಪದೆ ಕೊಟ್ಟು, ಹುಳುವಿಗೂ ಮದ್ದು ಹಾಕಿ ತಿಂಗಳಾದರೂ ಹಿಮೋಗ್ಲೋಬಿನ್ ಒಂದು ಗ್ರಾಮೂ ಏರದಿದ್ದರೆ ಆ ಸೋಲೇ ಒಂದು ಸುಳಿವು. ಬಿ12 ಕೊರತೆ ಇರಬಹುದು. ದೀರ್ಘಕಾಲದ ಸೋಂಕು ಇರಬಹುದು. ಭಾರತದಲ್ಲಿ ನೂರಕ್ಕೆ ಮೂರು ನಾಲ್ಕು ಮಂದಿ ಥಲಸ್ಸೀಮಿಯಾ ವಾಹಕರು. ಅವರ ಕೆಂಪು ಕಣಗಳು ಚಿಕ್ಕದಾಗಿ ತೋರಿ ಕಬ್ಬಿಣದ ಕೊರತೆಯೆಂದೇ ಭ್ರಮೆ ಹುಟ್ಟಿಸುತ್ತವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ, ಮೈಸೂರು ಸೀಮೆಯ ಜೇನುಕುರುಬರಲ್ಲಿ ಸಿಕಲ್ ಸೆಲ್ ಕಾಯಿಲೆ ಇದೆ. ಮದ್ದಿಗೆ ಜಗ್ಗದ ಇಂಥ ಮಗುವಿಗೆ ಮೂರನೇ ಬಾಟಲಿ ಬರೆಯುವ ಮುನ್ನ ಎಚ್‌ಪಿಎಲ್‌ಸಿ ಎಂಬ ರಕ್ತಪರೀಕ್ಷೆ ಆಗಬೇಕು. ಸಿಕಲ್ ಸೆಲ್ ಎಂದು ಖಚಿತವಾದರೆ ಫೋಲಿಕ್ ಆಮ್ಲ ಮುಂದುವರಿಯುತ್ತದೆ. ಕಬ್ಬಿಣ ಕೊಡಬೇಕೋ ಬೇಡವೋ ಎಂಬುದನ್ನು ಮೈಯ ಕಬ್ಬಿಣದ ದಾಸ್ತಾನು ತೋರುವ ಫೆರಿಟಿನ್ ಅಳೆದ ಮೇಲೆ ವೈದ್ಯರು ತೀರ್ಮಾನಿಸುತ್ತಾರೆ.